ಹುಲ್ಲು ಹೊದ್ದ ಮನೆ

ಕನ್ನಡದಲ್ಲಿ ದೇವರ ಮನೆಯನ್ನು ಗುಡಿ ಎನ್ನುತ್ತೇವೆ. ಬಡವನ ಮನೆಯನ್ನು ಗುಡಿಸಲು ಎನ್ನುತ್ತೇವೆ. ಎರಡೂ ಒಂದೇ ಬೇರಿನ ಮಾತುಗಳು. ತಮಿಳಿನ ಕುಡಿ, ಕುಡಿಸೈ ಮೊದಲಾದುವೂ ಅದೇ ಬಳಗಕ್ಕೆ ಸೇರಿದವೆಂದು ದ್ರಾವಿಡ ನಿಘಂಟುಕಾರರು ಗುರುತಿಸಿದ್ದಾರೆ. ಬೇರು ಒಂದೇ ಆದರೂ ಎರಡರ ಬಾಳು ಬೇರೆಬೇರೆಯಾಯಿತು. ಗುಡಿ ಕಲ್ಲಿನದಾಗಿ ಶಾಸನ, ಶಿಲ್ಪ, ಶಾಸ್ತ್ರಗಳ ಗೌರವವನ್ನು ಪಡೆಯಿತು. ಸೋಮನಾಥಪುರದ ಕೇಶವ ದೇವಾಲಯದ ಒಂದೊಂದು ಪಟ್ಟಿಕೆಯನ್ನೂ ಅಳೆದು ಬರೆದಿಟ್ಟ ವಿದ್ವಾಂಸರು ನಮ್ಮಲ್ಲಿದ್ದಾರೆ. ಅದು ಆಗಬೇಕಾದ ಕೆಲಸವೇ ಸರಿ. ಆದರೆ ಗುಡಿಸಲಿಗೂ ಒಂದು ವಾಸ್ತುವುಂಟು, ಅದನ್ನು ಕಟ್ಟುವುದಕ್ಕೂ ಒಂದು ವಿದ್ಯೆ ಬೇಕು ಎಂಬ ಮಾತನ್ನು ಆಡಿದರೆ ಇಂದಿಗೂ ಕೇಳುವವರ ಮುಖದಲ್ಲಿ ಒಂದು ನಗೆ ಸುಳಿಯುತ್ತದೆ. ಆ ನಗೆಯನ್ನು ಸ್ವಲ್ಪ ಪರೀಕ್ಷಿಸಿ ನೋಡಬೇಕೆಂಬುದೇ ಈ ಬರೆಹದ ಉದ್ದೇಶ.

ನಮ್ಮ ಕಣ್ಣಮುಂದೆ ಇರುವುದು ಹನೂರು ತಾಲ್ಲೂಕಿನ ರಾಮಾಪುರದ ಸೀಮೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲದೊಡನೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಆಮೇಲೆ ಮೈಸೂರಿಗೆ ಬಂದು, ೧೯೯೭ರಿಂದ ಚಾಮರಾಜನಗರ ಜಿಲ್ಲೆಯ ಭಾಗವಾಗಿರುವ ನಾಡು ಇದು. ಒಂದು ಕಡೆಗೆ ಬಿಳಿಗಿರಿರಂಗನ ಬೆಟ್ಟದ ಸಾಲು, ಇನ್ನೊಂದು ಕಡೆಗೆ ಮಲೆಮಹದೇಶ್ವರನ ಬೆಟ್ಟಗಳು. ನಡುವೆ ರಾಗಿ, ಜೋಳ, ಹುರುಳಿ ಬೆಳೆಯುವ ಒಣಭೂಮಿ. ಊರೊಳಗೆ ಇಂದು ಹುಲ್ಲಿನ ಮನೆಗಳು ವಿರಳ. ಎಲ್ಲೆಲ್ಲೂ ಕಾಂಕ್ರೀಟು, ಹೆಂಚು, ಸಿಮೆಂಟಿನ ಶೀಟು. ಹೊಲದ ಕಾವಲಿಗೆ ಹಾಕಿದ ಗುಡಿಸಲುಗಳಲ್ಲಿ, ಆನೆಯ ಭಯಕ್ಕೆ ಮರದ ಮೇಲೆ ಕಟ್ಟಿದ ಅಟ್ಟಣೆಗಳಲ್ಲಿ, ಕಾಡಂಚಿನ ಸೋಲಿಗರ ಪೋಡುಗಳಲ್ಲಿ ಮಾತ್ರ ಆ ಹಳೆಯ ಕೈಕೆಲಸದ ಗುರುತು ಅಲ್ಲಲ್ಲಿ ಕಾಣುತ್ತದೆ. ಇನ್ನೊಂದು ತಲೆಮಾರು ಕಳೆದರೆ ಅಷ್ಟೂ ಇರಲಾರದು.

ಈ ಗುಡಿಸಲುಗಳ ವಿಚಾರಕ್ಕೆ ಬರುವ ಮುನ್ನ, ನಮ್ಮ ವಿದ್ಯಾರ್ಥಿಗಳೆಲ್ಲ ಹೆಸರು ಕೇಳಿರುವ ಒಬ್ಬ ಕವಿಯ ಮಾವನ ಮನೆಯನ್ನು ನೋಡಿಕೊಂಡು ಬರುವುದು ಒಳ್ಳೆಯದು. ಇಂಗ್ಲೆಂಡಿನ ಸ್ಟ್ರ್ಯಾಟ್‌ಫರ್ಡ್ ಪಟ್ಟಣಕ್ಕೆ ಹೊಂದಿದಂತೆ ಷಾಟರಿ ಎಂಬ ಹಳ್ಳಿಯಿದೆ. ಷೇಕ್ಸ್‌ಪಿಯರ್ ೧೫೮೨ರಲ್ಲಿ ಕೈಹಿಡಿದ ಆ್ಯನ್ ಹ್ಯಾಥವೇ ಹುಟ್ಟಿಬೆಳೆದ ಮನೆ ಅಲ್ಲಿದೆ. ಪ್ರವಾಸಿಗರು ಅದನ್ನು ‘ಕಾಟೇಜು’ ಎನ್ನುತ್ತಾರಾದರೂ ನಿಜವಾಗಿ ಅದು ಹನ್ನೆರಡು ಕೋಣೆಗಳ ಒಂದು ರೈತಮನೆ. ಅದರ ಹಳೆಯ ಭಾಗ ಹದಿನೈದನೆಯ ಶತಮಾನದ್ದು. ಕಲ್ಲಿನ ತಳಪಾಯ; ಅದರ ಮೇಲೆ ಓಕ್ ಮರದ ಚೌಕಟ್ಟು; ಚೌಕಟ್ಟಿನ ಸಂದುಗಳಲ್ಲಿ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ; ಎಲ್ಲಕ್ಕೂ ಮೇಲೆ ದಪ್ಪನಾದ ಹುಲ್ಲಿನ ಹೊದಿಕೆ. ಕಡ್ಡಿ ಹೆಣೆದು ಮಣ್ಣು ಮೆತ್ತುವುದೆಂದರೆ ನಮ್ಮವರು ತಡಿಕೆ ಗೋಡೆಗೆ ಮಾಡುವ ಕೆಲಸವೇ. ಹೆಣೆಯಲು ಅವರಿಗೆ ಹೇಸಲ್ ಎಂಬ ಗಿಡದ ಕಡ್ಡಿ, ನಮಗೆ ಬಿದಿರಿನ ದಬ್ಬೆ. ಮೆತ್ತುವ ಮಣ್ಣಿಗೆ ಸಗಣಿಯನ್ನೂ ಒಣಹುಲ್ಲನ್ನೂ ಬೆರಸುವುದು ಎರಡು ಕಡೆಗೂ ಒಂದೇ.

ಆ ಮನೆಯ ಚೌಕಟ್ಟಿನಲ್ಲಿ ಒಂದು ವಿಶೇಷವುಂಟು. ಸಹಜವಾಗಿ ಬಾಗಿ ಬೆಳೆದ ಓಕ್ ಮರವನ್ನು ಉದ್ದಕ್ಕೆ ಸೀಳಿ, ಆ ಎರಡು ಹೋಳುಗಳನ್ನು ಎದುರುಬದುರಾಗಿ ನಿಲ್ಲಿಸಿ, ತುದಿಗಳನ್ನು ಮೇಲೆ ಕೂಡಿಸುತ್ತಾರೆ. ಅದು ಕೈಮುಗಿದಂತೆ ಕಾಣುತ್ತದೆ. ಇಂಥ ಜೋಡಿಗೆ ಅವರಲ್ಲಿ ‘ಕ್ರಕ್’ ಎಂದು ಹೆಸರು. ನೆಲದಿಂದ ಹೊರಟ ಒಂದೇ ಮರ ಕಂಬವೂ ಆಗುತ್ತದೆ, ಮಾಡನ್ನು ಹೊರುವ ತೊಲೆಯೂ ಆಗುತ್ತದೆ. ಭಾರವೆಲ್ಲ ಆ ಬಾಗಿನ ಮೂಲಕ ನೇರವಾಗಿ ನೆಲಕ್ಕೆ ಇಳಿಯುವುದರಿಂದ ಗೋಡೆಗೆ ಹೊರೆಯಿಲ್ಲ. ಗೋಡೆ ಬಿದ್ದರೂ ಮಾಡು ನಿಲ್ಲುತ್ತದೆ. ಐದು ಶತಮಾನಗಳ ಗಾಳಿ, ಮಳೆ, ಹಿಮಗಳಿಗೆ ಆ ರೈತಮನೆ ಮೈಕೊಟ್ಟು ನಿಂತಿದೆಯೆಂದರೆ ಅದರ ಗುಟ್ಟಿನ ಒಂದು ಪಾಲು ಈ ಬಾಗಿನಲ್ಲಿದೆ.

ಈಗ ನಮ್ಮ ಬೆಟ್ಟಗಳಿಗೆ ಮರಳೋಣ. ಟಿಪ್ಪುವಿನ ಪತನವಾದ ಮರುವರ್ಷ, ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದನು. ಅವನ ಪ್ರವಾಸ ಗ್ರಂಥ ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಸೋಲಿಗರ ವಿಚಾರವೂ ಬರುತ್ತದೆ. ಬಿದಿರಿನ ಎರಡು ತುದಿಗಳನ್ನೂ ನೆಲಕ್ಕೆ ಊರಿ, ಕಮಾನಿನಂತೆ ಬಾಗಿಸಿ, ಮೇಲೆ ಬಾಳೆಯೆಲೆ ಹೊದಿಸಿಕೊಂಡು ಅವರು ವಾಸಿಸುತ್ತಾರೆಂದು ಅವನು ಬರೆದಿದ್ದಾನೆ. ಆ ಗುಡಿಸಲುಗಳು ತೀರ ದೈನ್ಯದವು ಎಂಬುದು ಅವನ ತೀರ್ಪು. ಒಂದು ಶತಮಾನದ ಮೇಲೆ, ೧೯೦೯ರಲ್ಲಿ, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲೆ ದೊಡ್ಡ ಸಂಪುಟಗಳನ್ನು ಹೊರತಂದ ಥರ್ಸ್ಟನ್ನನೂ ಆ ಮಾತನ್ನೇ ಎತ್ತಿ ಬರೆದುಕೊಂಡನು. ತೀರ್ಪು ಹಾಗೆ ಗ್ರಂಥದಿಂದ ಗ್ರಂಥಕ್ಕೆ ಸಾಗಿ ನಿಂತುಬಿಟ್ಟಿತು.

ಬುಕಾನನ್ ಸೂಕ್ಷ್ಮದೃಷ್ಟಿಯವನು. ಬೆಳೆ, ಮಣ್ಣು, ಅಳತೆ, ತೆರಿಗೆ ಯಾವುದನ್ನೂ ಬಿಟ್ಟವನಲ್ಲ. ಆದರೂ ತಾನು ವರ್ಣಿಸುತ್ತಿರುವ ಬಿದಿರ ಕಮಾನು ತನ್ನ ದ್ವೀಪದ ರೈತಮನೆಗಳ ಮರದ ಕಮಾನಿನ ತಮ್ಮನೆಂದು ಅವನಿಗೆ ತೋರಲಿಲ್ಲ. ಗೋಡೆಯನ್ನೂ ಮಾಡನ್ನೂ ಒಂದೇ ಬಾಗಿನಲ್ಲಿ ಸಾಧಿಸುವ ಯುಕ್ತಿ ಎರಡರಲ್ಲಿಯೂ ಒಂದೇ. ಒಂದು ಓಕ್ ಮರದ್ದು, ಶತಮಾನಗಳಿಗೆಂದು ಕಟ್ಟಿದ್ದು. ಇನ್ನೊಂದು ಬಿದಿರಿನದು, ಎರಡು ಮೂರು ವರ್ಷಕ್ಕೆಂದು ಕಟ್ಟಿದ್ದು. ಕುಮರಿ ಬೇಸಾಯದ ಆ ಜನ ಹೊಲದ ಜಾಗವನ್ನು ಬದಲಿಸಿದಂತೆ ಮನೆಯ ಜಾಗವನ್ನೂ ಬದಲಿಸುತ್ತಿದ್ದರು. ಬಿಟ್ಟುಹೋದ ಮನೆ ಮಣ್ಣಾಗಿ ಕಾಡಿಗೇ ಸೇರುತ್ತಿತ್ತು. ಶತಮಾನದ ಮನೆ ಅವರಿಗೆ ಬೇಕಾಗಿರಲಿಲ್ಲ. ಬೇಕಿಲ್ಲದ್ದನ್ನು ಕಟ್ಟಲಿಲ್ಲವೆಂದು ಅವರನ್ನು ದೀನರೆನ್ನುವುದು ಯಾವ ನ್ಯಾಯ?

ಇಲ್ಲಿ ನಮ್ಮವರ ಪಕ್ಷಪಾತವನ್ನೂ ಹೇಳದೆ ಬಿಡಬಾರದು. ಶ್ರೀರಾಮ ಕಾಡಿನಲ್ಲಿ ಎಲೆ ಹೊದಿಸಿದ ಮನೆಯಲ್ಲಿದ್ದರೆ ಅದು ಪರ್ಣಕುಟಿ, ಋಷಿಗಳಿದ್ದರೆ ಪರ್ಣಶಾಲೆ. ಅದೇ ಎಲೆ, ಅದೇ ಬಿದಿರು ಸೋಲಿಗರ ನೀಲೇಗೌಡನದಾದರೆ ಗುಡಿಸಲು, ಜೋಪಡಿ. ಮಲೆಮಹದೇಶ್ವರನ ಕಾವ್ಯವನ್ನು ಹಾಡುವ ದೇವರಗುಡ್ಡರು ಮಾತ್ರ ಈ ಭೇದವನ್ನು ಎಣಿಸಿದವರಲ್ಲ. ಅವರ ಹಾಡಿನಲ್ಲಿ ಸಂಕಮ್ಮನ ಸಾಲು ಒಂದು ಮಹಾಪ್ರಸಂಗ. ಗಂಡ ಕೇಳಿದ ಭಾಷೆಯನ್ನು ಕೊಡಲೊಪ್ಪದ ಆ ಹೆಣ್ಣು ಕಾಡಿನ ನಡುವಿನ ಗುಡಿಸಲಲ್ಲಿ ಸೆರೆಯಾಗುತ್ತಾಳೆ. ಮಾದಪ್ಪ ಆ ಗುಡಿಸಲ ಬಾಗಿಲಿಗೇ ಬರುತ್ತಾನೆ. ದೇವರು ಗುಡಿಯನ್ನು ಬಿಟ್ಟು ಗುಡಿಸಲಿಗೆ ನಡೆದುಬರುವ ಆ ಸಂದರ್ಭವನ್ನು ರಾಮಾಪುರದ ಸುತ್ತಿನ ಜನ ರಾತ್ರಿಯೆಲ್ಲ ಕೂತು ಕೇಳಿದ್ದಾರೆ.

ಹುಲ್ಲಿನ ಮಾಡು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ ಅದರ ಹಿಂದಿನ ಬುದ್ಧಿ ತಿಳಿಯುತ್ತದೆ. ಹುಲ್ಲಿಗೆ ನೀರನ್ನು ತಡೆಯುವ ಶಕ್ತಿಯಿಲ್ಲ. ನೀರನ್ನು ಸಾಗಿಸುವ ಶಕ್ತಿಯಿದೆ. ಒಂದು ಕಡ್ಡಿಯ ಮೇಲೆ ಬಿದ್ದ ಹನಿ ಅದರ ತುದಿಯವರೆಗೆ ಜಾರಿ ಕೆಳಗಿನ ಕಡ್ಡಿಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ದಾಟುತ್ತ ಸೂರಿನವರೆಗೆ ಬಂದು ನೆಲಕ್ಕೆ ಬೀಳುತ್ತದೆ. ಇಳಿಜಾರು ಸಾಕಷ್ಟಿದ್ದರೆ ಮೇಲಿನ ಒಂದೆರಡು ಅಂಗುಲ ಮಾತ್ರ ನೆನೆಯುತ್ತದೆ, ಒಳಗಿನದೆಲ್ಲ ಒಣಗಿರುತ್ತದೆ. ಇಂಗ್ಲೆಂಡಿನ ಕುಶಲಿಗರು ಮಾಡನ್ನು ಸುಮಾರು ಐವತ್ತು ಡಿಗ್ರಿಯಷ್ಟು ಕಡಿದಾಗಿ ಕಟ್ಟುವುದು ಈ ಕಾರಣಕ್ಕೆ. ನಮ್ಮವರ ಬಳಿ ಕೋನಮಾಪಕ ಇರಲಿಲ್ಲ. ಇಳಿಜಾರು ತಗ್ಗಿದರೆ ಹುಲ್ಲು ಕೊಳೆಯುತ್ತದೆ ಎಂಬ ಅನುಭವವಿತ್ತು. ಸೂರಿನಿಂದ ಆರಂಭಿಸಿ ನೆತ್ತಿಯ ಕಡೆಗೆ ಒಂದು ಸಾಲಿನ ಮೇಲೊಂದು ಸಾಲಾಗಿ ಹೊದಿಸುವ ಕ್ರಮ ಎರಡು ದೇಶಗಳಲ್ಲಿಯೂ ಒಂದೇ. ಬೇರೆ ಯಾವ ಕ್ರಮದಿಂದಲೂ ನೀರು ಇಳಿಯದು. ಅವರು ಗೋಧಿಯ ನೀಳವಾದ ಹುಲ್ಲನ್ನೋ ಜವುಗಿನಲ್ಲಿ ಬೆಳೆಯುವ ಜೊಂಡನ್ನೋ ಬಳಸುತ್ತಾರೆ. ನಮ್ಮಲ್ಲಿ ಬೆಟ್ಟದ ಬಾದೆ ಹುಲ್ಲು, ತೋಟವಿದ್ದಲ್ಲಿ ತೆಂಗಿನ ಗರಿ, ಗದ್ದೆಯಿದ್ದಲ್ಲಿ ಬತ್ತದ ಹುಲ್ಲು, ಆಲೆಮನೆಯ ಬಳಿ ಕಬ್ಬಿನ ಸೋಗೆ. ಹುಲ್ಲಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಲಿಗೆ ತಡೆಯಾಗುತ್ತದೆ. ರಾಮಾಪುರದ ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಶೀಟಿನ ಮನೆಯೊಳಗೆ ಒಂದು ಗಳಿಗೆ, ಹುಲ್ಲಿನ ಮನೆಯೊಳಗೆ ಒಂದು ಗಳಿಗೆ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಿ ಮುಂದುವರಿಯಬಹುದು. ಸಸ್ಯಶಾಸ್ತ್ರದ ಪ್ರಕಾರ ಬಿದಿರೂ ಹುಲ್ಲಿನ ಜಾತಿಯೇ. ಹೀಗಾಗಿ ಸೋಲಿಗರ ಮನೆಯಲ್ಲಿ ಗಳು, ಗೋಡೆ, ಹೊದಿಕೆ ಬಹುಪಾಲು ಹುಲ್ಲೇ. ಆದರೆ ೧೯೨೭ರ ಭಾರತೀಯ ಅರಣ್ಯ ಕಾಯಿದೆ ಬಿದಿರನ್ನು ಮರಗಳ ಪಟ್ಟಿಗೆ ಸೇರಿಸಿತ್ತು. ೨೦೧೭ರಲ್ಲಿ ಆ ಪಟ್ಟಿಯಿಂದ ಅದನ್ನು ತೆಗೆದರು. ಹುಲ್ಲನ್ನು ಹುಲ್ಲೆನ್ನಲು ಕಾಯಿದೆಗೆ ತೊಂಬತ್ತು ವರ್ಷ ಬೇಕಾಯಿತು.

ಭಾಷಾಶಾಸ್ತ್ರವೂ ಒಂದು ಸಾಕ್ಷ್ಯ ಹೇಳುತ್ತದೆ. ಇಂಗ್ಲಿಷಿನಲ್ಲಿ ಹುಲ್ಲಿನ ಹೊದಿಕೆಗೆ ಹೇಳುವ ‘ಥ್ಯಾಚ್’ ಎಂಬ ಮಾತು ಮೊದಲು ಬರಿಯ ‘ಮಾಡು’, ‘ಹೊದಿಕೆ’ ಎಂಬ ಅರ್ಥದ್ದು. ಮಾಡೆಂದರೆ ಹುಲ್ಲಿನದೇ ಆಗಿದ್ದ ಕಾಲದಲ್ಲಿ ಬೇರೆ ವಿಶೇಷಣ ಬೇಕಿರಲಿಲ್ಲ. ಜರ್ಮನರು ಈಗಲೂ ಯಾವ ಮಾಡಿಗಾದರೂ ‘ಡಾಖ್’ ಎನ್ನುತ್ತಾರೆ. ಅದೂ ಆ ಮಾತಿನ ಒಡಹುಟ್ಟೇ. ಮುಚ್ಚು, ಮರೆಮಾಡು ಎಂಬ ಅರ್ಥವುಳ್ಳ ಸಂಸ್ಕೃತದ ‘ಸ್ಥಗ್’ ಧಾತುವೂ ಅದೇ ಮೂಲದ್ದೆಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ‘ಸೂರು’ ಎಂಬ ಮಾತಿನ ನಡೆಯೂ ಇಂಥದೇ. ಅದು ಮಾಡಿನ ಕೆಳಅಂಚು, ಮಳೆನೀರು ಇಳಿಯುವ ಜಾಗ. ಈಗ ‘ತಲೆಯ ಮೇಲೊಂದು ಸೂರು’ ಎಂದರೆ ಇಡೀ ಮನೆಯೇ. ಸರ್ಕಾರದ ವಸತಿ ಯೋಜನೆಗಳ ಜಾಹೀರಾತುಗಳಲ್ಲಿ ಆ ಮಾತು ಬಿಡುವಿಲ್ಲದೆ ದುಡಿಯುತ್ತಿದೆ. ಆ ಯೋಜನೆಗಳಲ್ಲಿ ಕಟ್ಟುವ ತಾರಸಿ ಮನೆಗಳಿಗೆ ಸೂರೇ ಇರುವುದಿಲ್ಲವೆಂಬುದು ಬೇರೆ ಮಾತು.

ಷಾಟರಿಯ ರೈತಮನೆಗೂ ಪೋಡಿನ ಗುಡಿಸಲಿಗೂ ಇರುವ ದೊಡ್ಡ ಅಂತರ ಕಟ್ಟುವ ಯುಕ್ತಿಯಲ್ಲಿಲ್ಲ, ನೆನಪಿಡುವ ಬಗೆಯಲ್ಲಿದೆ. ಇಂಗ್ಲೆಂಡಿನಲ್ಲಿ ಹೊದಿಕೆ ಹಳತಾದಾಗ ಎಲ್ಲವನ್ನೂ ಕಿತ್ತುಹಾಕುವುದಿಲ್ಲ. ಹಾಳಾದ ಮೇಲ್ಪದರವನ್ನು ಹೆರೆದು ಅದರ ಮೇಲೆ ಹೊಸದನ್ನು ಹಾಸುವ ರೂಢಿ ಹಲವು ಕಡೆ ಇದೆ. ಆದ್ದರಿಂದ ಡೆವನ್ ಮೊದಲಾದ ಸೀಮೆಗಳ ಕೆಲವು ಮನೆಗಳಲ್ಲಿ ತಳದ ಪದರ ಐದಾರು ಶತಮಾನಗಳಿಂದ ಹಾಗೆಯೇ ಉಳಿದುಬಂದಿದೆ. ಆಗಿನ ಮನೆಗಳಿಗೆ ಹೊಗೆಗೂಡು ಇರಲಿಲ್ಲ. ನಡುಮನೆಯ ನೆಲದ ಮೇಲೆ ಉರಿಯುತ್ತಿದ್ದ ಒಲೆಯ ಹೊಗೆ ಹುಲ್ಲಿನ ಮೂಲಕವೇ ಹೊರಹೋಗಬೇಕು. ಆ ಮಸಿ ಹಿಡಿದ ಹುಲ್ಲನ್ನು ಹುಳು ಮುಟ್ಟಲಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ವಿಜ್ಞಾನಿಗಳು ಅದನ್ನು ಬಿಡಿಸಿ ನೋಡಿ, ಹೊಲಗಳಿಂದ ಎಂದೋ ಮಾಯವಾದ ಗೋಧಿಯ ತಳಿಗಳ ತೆನೆಗಳನ್ನೂ ಕಳೆಗಳ ಬೀಜಗಳನ್ನೂ ಗುರುತಿಸಿದರು. ನಮ್ಮ ಹಳ್ಳಿಮನೆಗಳ ಅಟ್ಟದಲ್ಲಿ ಹೊಗೆ ಕುಡಿದ ಓಲೆಗರಿಯ ಕಟ್ಟುಗಳು ಉಳಿದುಬಂದಂತೆ ಅಲ್ಲಿ ಮಾಡೇ ಒಂದು ಪುಸ್ತಕವಾಗಿ ಉಳಿಯಿತು.

ನಮ್ಮ ಹುಲ್ಲು ಹಾಗೆ ಉಳಿಯದು. ಮುಂಗಾರು, ಹಿಂಗಾರು, ಗೆದ್ದಲು ಇವು ಅದನ್ನು ಎರಡು ಮೂರು ವರ್ಷದಲ್ಲಿ ತಿಂದುಹಾಕುತ್ತವೆ. ಮಾಡನ್ನು ಪೂರ್ತಿ ಬಿಚ್ಚಿ ಹೊಸದಾಗಿ ಹೊದಿಸಬೇಕು. ಹಳೆಯ ಹುಲ್ಲು ತಿಪ್ಪೆಗೋ ಒಲೆಗೋ ಹೋಗುತ್ತದೆ. ಆದ್ದರಿಂದ ನೂರು ವರ್ಷದ ಹಳೆಯ ಗುಡಿಸಲು ಎಂಬುದು ನಮ್ಮಲ್ಲಿ ಇರಲಾರದು. ನೂರು ವರ್ಷದ ಹಳೆಯದಾದ ಗುಡಿಸಲು ಕಟ್ಟುವ ರೀತಿ ಇರಬಹುದು, ಅಷ್ಟೆ. ಅದರ ನೆನಪೆಲ್ಲ ಇರುವುದು ಕಟ್ಟುವವನ ಕೈಯಲ್ಲಿ. ಪ್ರತಿ ಬಾರಿ ಬಿಚ್ಚಿ ಕಟ್ಟುವಾಗಲೂ ಹತ್ತಿರ ನಿಂತ ಹುಡುಗನ ಕೈಗೆ ಅದು ದಾಟುತ್ತಿತ್ತು. ಒಂದು ತಲೆಮಾರು ಕಟ್ಟುವುದನ್ನು ಬಿಟ್ಟಿತೆಂದರೆ ತೆಗೆದು ನೋಡಲು ತಳದ ಪದರ ಇಲ್ಲಿಲ್ಲ. ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆ ನೂರು ವರ್ಷಕ್ಕೆ ಕಡಮೆಯಾದುದನ್ನು ಸ್ಮಾರಕವೆಂದು ಎಣಿಸುವುದಿಲ್ಲ. ಆ ಕಾಯಿದೆಯ ಕೋಲಿನಿಂದ ಅಳೆದರೆ ಹುಲ್ಲಿನ ಮನೆ ಎಂದೆಂದಿಗೂ ನೆನ್ನೆ ಕಟ್ಟಿದ್ದೇ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬರುತ್ತದೆ, ಅದು ಕಟುವಾದ ಪ್ರಶ್ನೆ. ತಾರಸಿಯ ಕೆಳಗೆ, ಬೀಸಣಿಗೆಯ ಕೆಳಗೆ ಕುಳಿತ ಅಧ್ಯಾಪಕನೊಬ್ಬ ಹುಲ್ಲಿನ ಮನೆಯನ್ನು ಹೊಗಳುವುದು ಸುಲಭ. ಅದರಲ್ಲಿ ವಾಸಿಸುವವರನ್ನು ಕೇಳಿದ್ದಾನೆಯೆ? ಮಾಡಿನಿಂದ ಚೇಳು ಬೀಳುತ್ತದೆ. ಮಳೆಗಾಲದ ನಡುವೆ ಸೋರಲಾರಂಭಿಸಿದರೆ ಕಾರ್ತಿಕದವರೆಗೆ ಪಾಡಿಲ್ಲ. ಹುಳುವನ್ನು ಓಡಿಸುವ ಹೊಗೆಯೇ ಒಲೆಯ ಮುಂದಿನ ಹೆಂಗಸಿನ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ. ನೆಲ ಸಾರಿಸುವ, ಗೋಡೆ ಮೆತ್ತುವ ದುಡಿಮೆ ಮುಕ್ಕಾಲುಪಾಲು ಅವಳದೇ. ಎಲ್ಲಕ್ಕಿಂತ ಮಿಗಿಲಾಗಿ ಬೆಂಕಿ. ಲಂಡನ್ ನಗರ ೧೨೧೨ರಷ್ಟು ಹಿಂದೆಯೇ ಹುಲ್ಲಿನ ಮಾಡನ್ನು ನಿಷೇಧಿಸಿದ್ದು ಬೆಂಕಿಗೆ ಹೆದರಿ. ೧೬೧೩ರಲ್ಲಿ ಷೇಕ್ಸ್‌ಪಿಯರನ ಗ್ಲೋಬ್ ನಾಟಕಶಾಲೆ ಸುಟ್ಟುಹೋದದ್ದು ನಾಟಕಕ್ಕೆಂದು ಹಾರಿಸಿದ ಫಿರಂಗಿಯ ಕಿಡಿ ಹುಲ್ಲಿನ ಮಾಡಿಗೆ ತಗುಲಿ. ಅಲ್ಲಿ ಸುಟ್ಟದ್ದು ಬರಿಯ ಕಟ್ಟಡ. ನಮ್ಮ ನೆರೆನಾಡಿನ, ಆಗಿನ ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿಯಲ್ಲಿ ೧೯೬೮ರ ಡಿಸೆಂಬರ್ ೨೫ರಂದು ಗುಡಿಸಲೊಂದರಲ್ಲಿ ಅಡಗಿದ್ದ ದಲಿತ ಕೂಲಿಕಾರರ ಕುಟುಂಬಗಳ ೪೪ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಬೆಂಕಿಯಿಟ್ಟು ಕೊಂದರು. ಹಗೆಯವನ ಕೈಯ ಒಂದು ಕಡ್ಡಿಗೆ ತುತ್ತಾಗುವ ಮಾಡು ತನಗೆ ಬೇಡವೆಂದು ಹೊಲಗೇರಿಯ ಮನುಷ್ಯ ಹೇಳಿದರೆ ಅವನ ಮುಂದೆ ವಾಸ್ತುಶಿಲ್ಪದ ಮಾತೆತ್ತುವ ಅಧಿಕಾರ ಯಾರಿಗೂ ಇಲ್ಲ. ಅವನಿಗೆ ಗಟ್ಟಿ ಮನೆ ಸಲ್ಲಬೇಕು, ಇಂದೇ ಸಲ್ಲಬೇಕು.

ಇಂಗ್ಲೆಂಡಿನ ಚರಿತ್ರೆಯೂ ಈ ವಿಷಯದಲ್ಲಿ ಅಷ್ಟೇನೂ ಮುಗ್ಧವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುದಾರಿಗಳು ವೇಲ್ಸ್‌ನ ಸ್ಲೇಟನ್ನು ಅಗ್ಗವಾಗಿ ಎಲ್ಲೆಡೆಗೂ ಹೊತ್ತು ತಂದಾಗ, ಕೈಲಾದವರು ಸ್ಲೇಟು ಹೊದಿಸಿಕೊಂಡರು. ಹುಲ್ಲು ಹೊಲಗೂಲಿಗಳ ಪಾಲಿಗೆ ಉಳಿದು ಬಡತನದ ಗುರುತಾಯಿತು. ನಮ್ಮಲ್ಲಿ ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆದದ್ದೂ ಇದೇ ಕಥೆ. ಡಾರ್ಸೆಟ್ ಸೀಮೆಯ ಹುಲ್ಲಿನ ಮನೆಯೊಂದರಲ್ಲಿ ೧೮೪೦ರಲ್ಲಿ ಹುಟ್ಟಿ, ವಾಸ್ತುಶಿಲ್ಪವನ್ನೇ ಕಲಿತು, ಆಮೇಲೆ ಕಾದಂಬರಿಕಾರನಾದ ಥಾಮಸ್ ಹಾರ್ಡಿಗೆ ಆ ಮಾಡಿನ ಕೆಳಗಿನ ಬಾಳು ಎಂಥದೆಂದು ಚೆನ್ನಾಗಿ ಗೊತ್ತಿತ್ತು. ಬಡವರು ಆ ಮನೆಗಳನ್ನು ಬಿಟ್ಟುಹೋದ ಮೇಲೆ, ಪಟ್ಟಣದ ಹಣವಂತರು ಅವುಗಳನ್ನು ಕೊಂಡ ಮೇಲೆ, ಹುಲ್ಲಿಗೆ ಮಾನ ಬಂದಿತು. ಷಾಟರಿಯ ಮನೆಯನ್ನು ೧೮೯೨ರಲ್ಲಿ ಷೇಕ್ಸ್‌ಪಿಯರ್ ಜನ್ಮಸ್ಥಾನದ ಟ್ರಸ್ಟು ಕೊಂಡಿತು. ೧೯೪೭ರ ಕಾಯಿದೆಯಿಂದ ಹಳೆಯ ಕಟ್ಟಡಗಳ ಪಟ್ಟಿಯೇ ಸಿದ್ಧವಾಗಲಾರಂಭಿಸಿತು. ಪಟ್ಟಿಗೆ ಸೇರಿದ ಮನೆಯ ಹುಲ್ಲನ್ನು ತೆಗೆದು ಹೆಂಚು ಹಾಕಬೇಕಾದರೆ ಈಗ ಒಡೆಯನೂ ಅಪ್ಪಣೆ ಕೇಳಬೇಕು. ೧೯೬೯ರಲ್ಲಿ ಆ್ಯನ್ ಹ್ಯಾಥವೇಯ ಮನೆಗೆ ಬೆಂಕಿ ಬಿದ್ದು ಒಂದು ಭಾಗ ಹಾಳಾದಾಗ ಅದನ್ನು ಮತ್ತೆ ಹುಲ್ಲಿನಿಂದಲೇ ಹೊದಿಸಿದರು. ೧೯೯೭ರಲ್ಲಿ ಮತ್ತೆ ಕಟ್ಟಿ ತೆರೆದ ಗ್ಲೋಬ್ ನಾಟಕಶಾಲೆಗೆ ಲಂಡನ್ನಿನ ಆ ಹಳೆಯ ನಿಷೇಧವನ್ನೂ ಸಡಿಲಿಸಿದರು.

ನಮ್ಮಲ್ಲಿಯೂ ಆ ಗಾಳಿ ಬೀಸಲಾರಂಭಿಸಿದೆ. ಕಾಡಂಚಿನ ವಿಹಾರಧಾಮಗಳಲ್ಲಿ ಕಾಂಕ್ರೀಟಿನ ಮೇಲೆ ಹುಲ್ಲು ಹೊದಿಸಿ, ಕೆಲವೆಡೆ ಪ್ಲಾಸ್ಟಿಕ್ಕಿನ ಹುಲ್ಲನ್ನೇ ಹೊದಿಸಿ, ಒಂದು ರಾತ್ರಿಗೆ ಸಾವಿರಾರು ರೂಪಾಯಿ ಬಾಡಿಗೆ ಪಡೆಯುತ್ತಾರೆ. ಅಲ್ಲಿ ಅದರ ಹೆಸರು ‘ಎಥ್ನಿಕ್ ಕಾಟೇಜು’. ಅಲ್ಲಿಂದ ಎರಡು ಮೈಲಿಯಾಚೆ ನಿಜವಾದ ಹುಲ್ಲಿನ ಮನೆಯ ಹೆಸರು ‘ಕಚ್ಚಾ ಮನೆ’.

ಈ ಕಚ್ಚಾ ಎಂಬ ಮಾತಿಗೇ ನಮ್ಮ ಆಕ್ಷೇಪ. ಬೇಯದ್ದು, ಮಾಗದ್ದು, ಇನ್ನೂ ಪಕ್ವವಾಗದ್ದು ಎಂದು ಅದರ ಅರ್ಥ. ೨೦೧೧ರ ಜನಗಣತಿಯಲ್ಲಿ ಮಾಡಿನ ಸಾಮಗ್ರಿಯನ್ನು ಗುರುತಿಸುವಾಗ ಹುಲ್ಲು, ಸೋಗೆ, ಬಿದಿರು, ಮರ, ಮಣ್ಣು ಇಷ್ಟನ್ನೂ ಒಂದೇ ಕೋಷ್ಠಕದಲ್ಲಿ ತುಂಬಿದ್ದಾರೆ. ನುರಿತ ಕೈ ಹೆಣೆದ ಬಾದೆ ಹುಲ್ಲಿನ ಮಾಡೂ, ಗತಿಯಿಲ್ಲದವನು ಮೇಲೆಳೆದುಕೊಂಡ ಹರಕು ತಡಿಕೆಯೂ ಅಲ್ಲಿ ಒಂದೇ ಅಂಕಿ. ‘ಗುಡಿಸಲು ಮುಕ್ತ’ ಎಂಬ ಘೋಷಣೆಯನ್ನು ಎಲ್ಲ ಪಕ್ಷದವರೂ ಕೂಗಿದ್ದಾರೆ. ಕ್ಷಯಮುಕ್ತ, ಪೋಲಿಯೋಮುಕ್ತ ಎಂದಂತೆ! ೨೦೧೬ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆ ಕನಿಷ್ಠ ೨೫ ಚದರ ಮೀಟರಿನ ಮನೆಗೆ ಬಯಲುಸೀಮೆಯಲ್ಲಿ ೧.೨೦ ಲಕ್ಷ, ಗುಡ್ಡಗಾಡಿನಲ್ಲಿ ೧.೩೦ ಲಕ್ಷ ರೂಪಾಯಿ ಗೊತ್ತುಮಾಡಿತು. ಹಣ ಬರಲಿ, ಮನೆಗಳು ಏಳಲಿ, ಅದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಮನೆಗೆ ಹಣ ಪಡೆಯುವವನು ತನ್ನ ಅಜ್ಜ ಕಟ್ಟಿದ್ದು ಒಂದು ರೋಗವೆಂದು ಒಪ್ಪಿಕೊಂಡು ಪಡೆಯಬೇಕೆ? ಗೋಡೆ ಗಟ್ಟಿಯದಾಗಲಿ, ನೆಲ ಸಿಮೆಂಟಿನದಾಗಲಿ, ಒಲೆ ಹೊಗೆಯಿಲ್ಲದ್ದಾಗಲಿ. ಮುಂದಿನ ಜಗಲಿಯ ಮೇಲೆ, ದನದ ಕೊಟ್ಟಿಗೆಯ ಮೇಲೆ ಹುಲ್ಲು ಹೊದಿಸಿಕೊಳ್ಳುತ್ತೇನೆಂದರೆ ಅದಕ್ಕೂ ಯೋಜನೆಯಲ್ಲಿ ಎಡೆಯಿರಲಿ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಆರಂಭವಾದ ‘ಆಸ್ತ್ರ’ ಎಂಬ ಕೇಂದ್ರದವರು ಮಣ್ಣಿನ ಇಟ್ಟಿಗೆಯನ್ನು ಯಂತ್ರದಿಂದ ಒತ್ತಿ ಗಟ್ಟಿಗೊಳಿಸಿ ಮಣ್ಣಿನ ಗೋಡೆಗೆ ಮರ್ಯಾದೆ ತಂದುಕೊಟ್ಟರು. ಹ��ಲ್ಲಿಗೆ ಅಂಥ ನೆಂಟರು ನಮ್ಮಲ್ಲಿ ಇನ್ನೂ ಬೇಕಾಗಿದ್ದಾರೆ.

ಇನ್ನು ಹುಲ್ಲು ಎಲ್ಲಿಂದ ಬರಬೇಕು ಎಂಬ ಮಾತು. ಇಂಗ್ಲೆಂಡಿನಲ್ಲಿ ಗಿಡ್ಡ ತಳಿಯ ಗೋಧಿ ಬಂದ ಮೇಲೆ ಹೊದಿಕೆಗೆ ಬೇಕಾದ ನೀಳ ಹುಲ್ಲು ಸಿಗದಂತಾಗಿ, ಹಳೆಯ ತಳಿಗಳನ್ನು ಅದಕ್ಕೆಂದೇ ಬೆಳೆಯುವ ರೈತರು ಹುಟ್ಟಿಕೊಂಡರು. ನಮ್ಮ ಗದ್ದೆಗಳಲ್ಲಿ ೧೯೬೬ರ ಐ.ಆರ್.-೮ ಮೊದಲಾದ ಗಿಡ್ಡ ಬತ್ತಗಳು ಬಂದಾಗ ಹುಲ್ಲು ಮೋಟಾಯಿತೆಂದು ದನದವನು ಗೊಣಗಿದನು, ಮನೆ ಹೊದಿಸುವವನು ಸುಮ್ಮನಾದನು. ಬೆಟ್ಟದ ಹುಲ್ಲಿನ ಕಥೆ ಇನ್ನೂ ತೊಡಕಿನದು. ಬಿಳಿಗಿರಿರಂಗನ ಬೆಟ್ಟ ೧೯೭೪ರಲ್ಲಿ ವನ್ಯಧಾಮವಾಯಿತು, ೨೦೧೧ರಲ್ಲಿ ಹುಲಿಧಾಮವಾಯಿತು. ಮಲೆಮಹದೇಶ್ವರ ಬೆಟ್ಟದ ಕಾಡು ೨೦೧೩ರಲ್ಲಿ ವನ್ಯಧಾಮವಾಯಿತು. ಬೇಸಗೆಯ ಆರಂಭದಲ್ಲಿ ಉದುರೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿಯನ್ನು ಸೋಲಿಗರು ತರಗು ಬೆಂಕಿ ಎನ್ನುತ್ತಾರೆ. ಅದು ನಿಂತ ಮೇಲೆ ಲಂಟಾನ ಹಬ್ಬಿ ಹುಲ್ಲನ್ನು ನುಂಗಿತೆಂಬುದು ಅವರ ಹಿರಿಯರ ಮಾತು. ಬಿಳಿಗಿರಿಯಲ್ಲಿ ೧೯೯೭ರಿಂದ ೨೦೦೮ರೊಳಗೆ ಆ ಕಳೆ ಹರಡಿದ ಪ್ರದೇಶ ಸರಿಸುಮಾರು ಇಮ್ಮಡಿಯಾಯಿತೆಂದು ಸಂಶೋಧಕರು ಅಳೆದು ತೋರಿಸಿದ್ದಾರೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಆ ಲಂಟಾನದ ಕಡ್ಡಿಯಿಂದಲೇ ಕುರ್ಚಿ ಮೇಜುಗಳನ್ನು ಹೆಣೆಯಲು ಕಲಿತಿರುವುದು ಅವರ ಕೈಗುಣಕ್ಕೆ ಸಾಕ್ಷಿ. ೨೦೦೬ರ ಅರಣ್ಯಹಕ್ಕು ಕಾಯಿದೆ ಬಿದಿರು, ಜೇನು ಮೊದಲಾದ ಕಿರು ಉತ್ಪನ್ನಗಳ ಮೇಲೆ ಕಾಡಿನ ಜನರ ಹಕ್ಕನ್ನು ಒಪ್ಪಿದೆ. ೨೦೧೧ರಲ್ಲಿ ಬಿಳಿಗಿರಿಯ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳೂ ದೊರೆತವು. ಹಕ್ಕುಪತ್ರವಿದ್ದ ಮೇಲೆ ಒಂದು ಹೊರೆ ಹುಲ್ಲು ತರುವವನು ಕಳ್ಳನಂತೆ ತಲೆತಗ್ಗಿಸಿ ಬರಬೇಕಾಗಿಲ್ಲ ಎಂಬುದನ್ನು ಕಾಡಿನ ಕಾವಲಿನವರಿಗೂ ತಿಳಿಹೇಳುವವರು ಬೇಕು.

ಈ ಕೆಲಸಗಳು ಸರ್ಕಾರದ್ದು, ಗ್ರಾಮಸಭೆಯದು. ಓದು ಬರೆಹದವರ ಪಾಲಿಗೂ ಒಂದು ಕೆಲಸವುಂಟು, ಅದಕ್ಕೆ ಅನುದಾನ ಬೇಕಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ ಪೂರ್ಣಗೊಂಡಿದೆ. ಪಂಪ ರನ್ನರಿಂದ ಹಿಡಿದು ಎಲ್ಲ ಕಾಲದ ಗ್ರಂಥಗಳ ಮಾತುಗಳಿಗೂ ಅದರಲ್ಲಿ ಸ್ಥಾನವಿದೆ. ಗ್ರಂಥಕ್ಕೆ ಏರದ ಮಾತುಗಳ ಗತಿಯೇನು? ಕವಲುಳ್ಳ ಕಂಬಕ್ಕೆ ಒಂದು ಹೆಸರು, ಅದರ ಮೇಲೆ ಮಲಗುವ ಗಳುವಿಗೆ ಒಂದು ಹೆಸರು, ದಬ್ಬೆಯನ್ನು ಬಿಗಿಯುವ ಬಳ್ಳಿಗೆ, ಕತ್ತಾಳೆ ನಾರಿನ ಗಂಟಿಗೆ, ಹೊದಿಕೆಯ ಮೊದಲ ಸಾಲಿಗೆ, ಕಡೆಯ ಸಾಲಿಗೆ, ನೆತ್ತಿಯನ್ನು ಮುಚ್ಚುವ ಬಗೆಗೆ ಒಂದೊಂದು ಹೆಸರು. ರಾಮಾಪುರದಲ್ಲಿ ಒಂದು, ಯಳಂದೂರಿನಲ್ಲಿ ಇನ್ನೊಂದು, ಸೋಲಿಗರ ನುಡಿಯಲ್ಲಿ ಮತ್ತೊಂದು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಕಾಲೇಜುಗಳಲ್ಲಿ ಕನ್ನಡ ಓದುವ ಹುಡುಗ ಹುಡುಗಿಯರಲ್ಲಿ ಅನೇಕರ ಅಜ್ಜ ಅಜ್ಜಿಯರು ಈ ಮಾಡಿನ ಕೆಳಗೇ ಹುಟ್ಟಿದವರು. ಒಂದು ಟಿಪ್ಪಣಿ ಪುಸ್ತಕ, ಒಂದು ಅಳತೆಪಟ್ಟಿ ಹಿಡಿದು ಅವರ ಬಳಿ ಕೂತರೆ ಒಂದು ವಾರದಲ್ಲಿ ನೂರು ಮಾತು ಸಿಕ್ಕಾವು. ಕೇಳಿ ಬರೆದುಕೊಂಡರೆ ಸಾಲದು. ಒಂದು ಸಣ್ಣ ಕಾವಲು ಗುಡಿಸಲನ್ನಾದರೂ ಅವರ ಕೈಯಿಂದ ಕಟ್ಟಿಸಿ, ಕೂಲಿ ಕೊಟ್ಟು, ಜೊತೆಗೆ ನಿಂತು ಕಟ್ಟಬೇಕು. ಕಾಲೇಜಿನ ಅಂಗಳದಲ್ಲಿ ಅದಕ್ಕೆ ಜಾಗವಿಲ್ಲದೆ ಇಲ್ಲ.

ಕಾಲವನ್ನು ಮಾತ್ರ ನೋಡಿಕೊಳ್ಳಬೇಕು. ಹುಲ್ಲು ಬಲಿತು ಒಣಗುವುದು ಪುಷ್ಯ ಮಾಘಗಳಲ್ಲಿ. ಕೊಯ್ದು, ಒಣಗಿಸಿ, ಹೊದಿಸುವ ಕೆಲಸ ಮುಂಗಾರಿನ ಮೊದಲ ಹನಿ ಬೀಳುವುದರೊಳಗೆ ಮುಗಿಯಬೇಕು. ವಿಶ್ವವಿದ್ಯಾನಿಲಯದ ಪರೀಕ್ಷೆಗಳು ಸಾಮಾನ್ಯವಾಗಿ ಆ ದಿನಗಳಲ್ಲೇ ಬಂದು ಕೂರುತ್ತವೆ. ಹುಲ್ಲಂತೂ ವೇಳಾಪಟ್ಟಿಗೆ ಕಾಯುವುದಿಲ್ಲ. ಹಿಂದುಮುಂದು ಮಾಡಬಹುದಾದದ್ದು ಪರೀಕ್ಷೆಯನ್ನೇ.